ಹೆಣ್ಣು ಹೆಸರಿನ ಕಡೆಯ ಅಕ್ಷರ

ಕನ್ನಡ ನಾಡಿನ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿನ ಮೊದಲಕ್ಷರವನ್ನು ಕುರಿತು ನಡೆಯುವಷ್ಟು ವಿಚಾರ ಅದರ ಕಡೆಯ ಅಕ್ಷರವನ್ನು ಕುರಿತು ನಡೆಯುವುದಿಲ್ಲ. ಜನನಕಾಲದ ನಕ್ಷತ್ರವಾವುದು, ಅದರ ಎಷ್ಟನೆಯ ಪಾದ, ಆ ಪಾದಕ್ಕೆ ಪಂಚಾಂಗವು ವಿಧಿಸಿದ ಅಕ್ಷರವಾವುದು ಎಂಬುದನ್ನು ಪುರೋಹಿತರು ಹೇಳುತ್ತಾರೆ. ಅಶ್ವಿನಿಗೆ ಚೂ ಚೇ ಚೋ ಲಾ, ರೋಹಿಣಿಗೆ ಓ ವಾ ವೀ ವೂ ಎಂದು ಮನೆಯ ಹಿರಿಯರು ಬೆರಳು ಮಡಿಸುತ್ತಾ ಎಣಿಸುತ್ತಾರೆ. ಹೀಗೆ ಹೆಸರಿನ ಆದಿಯು ಗ್ರಹತಾರೆಗಳ ಪಾಲಾದರೆ, ನಡುವಣ ಭಾಗವು ಮನೆದೇವರಿಗೋ ಗತಿಸಿದ ಅಜ್ಜಿಗೋ ಸಲ್ಲುತ್ತದೆ. ಅಂತ್ಯವನ್ನು ಯಾರೂ ಆಲೋಚಿಸಿ ಇಟ್ಟಂತೆ ತೋರುವುದಿಲ್ಲ. ಆದರೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಹೆಣ್ಣುಮಗುವಿನ ಹೆಸರು ಹೇಗೆ ಮುಗಿಯಬೇಕೆಂಬುದನ್ನು ಶಾಸ್ತ್ರಕಾರರೂ, ವ್ಯಾಕರಣಕಾರರೂ, ಅರಮನೆಯವರೂ, ಊರಿನ ಒಡೆಯರೂ ತಮ್ಮ ತಮ್ಮ ರೀತಿಯಲ್ಲಿ ನಿರ್ಣಯಿಸುತ್ತಲೇ ಬಂದಿದ್ದಾರೆ. ಸಮಾಜವು ಆ ಹುಡುಗಿಯನ್ನು ಮುಂದೆ ಯಾವ ಸ್ಥಾನದಲ್ಲಿರಿಸಿ ಕರೆಯಲು ಬಯಸಿತೆಂಬುದು ಹೆಸರಿನ ಆ ತುದಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲವೆಂದು ನನಗೆ ತೋರುತ್ತದೆ.

ಶಾಸ್ತ್ರದಿಂದಲೇ ಮೊದಲುಮಾಡಬಹುದು. ಆಶ್ವಲಾಯನ ಗೃಹ್ಯಸೂತ್ರವು ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳುಳ್ಳದ್ದಾಗಿ ಘೋಷವರ್ಣದಿಂದ ಮೊದಲಾಗಬೇಕೆಂದು ವಿಧಿಸಿ, ಹೆಂಗಸರ ಹೆಸರಿನಲ್ಲಿ ಅಕ್ಷರಗಳ ಸಂಖ್ಯೆ ಬೆಸವಾಗಿರಬೇಕೆಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಪಾರಸ್ಕರನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹೆಣ್ಣಿನ ಹೆಸರು ಬೆಸಸಂಖ್ಯೆಯ ಅಕ್ಷರಗಳುಳ್ಳದ್ದೂ, ತದ್ಧಿತ ಪ್ರತ್ಯಯದಿಂದ ಸಿದ್ಧವಾದುದೂ, ಆಕಾರದಲ್ಲಿ ಮುಗಿಯುವುದೂ ಆಗಿರಬೇಕೆಂದನು. ಗೋಭಿಲನಿಗೆ ಆಕಾರವೊಂದೇ ಸಾಲದೆ, ಯಶೋದಾ, ನರ್ಮದಾ ಎಂಬಲ್ಲಿರುವಂತೆ ‘ದಾ’ ಎಂಬ ಅಕ್ಷರವೇ ಕಡೆಯಲ್ಲಿ ಬೇಕಾಯಿತು. ಮನುವು ಈ ಮಾತುಗಳನ್ನೆಲ್ಲ ಸಡಿಲಗೊಳಿಸಿ, ಸ್ತ್ರೀಯರ ಹೆಸರು ಉಚ್ಚರಿಸಲು ಸುಲಭವಾಗಿ, ಕ್ರೌರ್ಯವಿಲ್ಲದೆ, ಅರ್ಥ ಸ್ಪಷ್ಟವಾಗಿ, ಮನೋಹರವೂ ಮಂಗಳಕರವೂ ಆಗಿದ್ದು, ದೀರ್ಘವರ್ಣದಲ್ಲಿ ಕೊನೆಗೊಂಡು ಆಶೀರ್ವಾದವನ್ನು ಒಳಗೊಂಡಿರಲಿ ಎಂದನು. ಆಶ್ವಲಾಯನನನ್ನು ಬಿಟ್ಟರೆ ಉಳಿದವರ ಅಭಿಪ್ರಾಯಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಕೊನೆಯ ಸ್ವರವು ದೀರ್ಘವಾಗಿರಬೇಕೆಂಬ ಒಂದಂಶ. ಇದರಲ್ಲಿ ಧರ್ಮಕ್ಕಿಂತ ವ್ಯಾಕರಣವೇ ಹೆಚ್ಚಾಗಿದೆಯೆಂಬುದು ಸಂಸ್ಕೃತವನ್ನು ಬಲ್ಲವರಿಗೆ ಕೂಡಲೆ ಹೊಳೆಯುತ್ತದೆ. ಆ ಭಾಷೆಯ ಸ್ತ್ರೀಪ್ರತ್ಯಯಗಳಲ್ಲಿ ಪ್ರಧಾನವಾದವು ಆ ಮತ್ತು ಈ, ಎರಡೂ ದೀರ್ಘ.

ಆದರೆ ಲೋಕವು ಶಾಸ್ತ್ರವನ್ನು ತನಗೆ ಬೇಕಾದಷ್ಟೇ ಕೇಳಿತು. ಸೀತಾ, ರಾಧಾ, ಗೌರೀ, ಲಕ್ಷ್ಮೀ ಎಂಬ ಅತ್ಯಂತ ಪ್ರಿಯವಾದ ಹೆಸರುಗಳಲ್ಲಿ ಅಕ್ಷರಗಳು ಎರಡೇ. ಬೆಸಸಂಖ್ಯೆಯ ನಿಯಮ ಅಲ್ಲಿ ನಿಲ್ಲಲಿಲ್ಲ. ನಕ್ಷತ್ರ, ವೃಕ್ಷ, ನದಿ, ಪರ್ವತಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನು ಹೇಳಿದರೂ ರೋಹಿಣಿ, ರೇವತಿ, ತುಳಸಿ, ಗಂಗೆ, ಯಮುನೆಯರಿಲ್ಲದ ಊರು ಭರತಖಂಡದಲ್ಲಿ ದೊರೆಯದು. ಕಾವೇರಿಯ ಹೆಸರನ್ನು ಮಗಳಿಗಿಡುವುದನ್ನು ಕೊಡಗಿನವರಾಗಲಿ ಮೈಸೂರಿನವರಾಗಲಿ ಯಾವ ಸ್ಮೃತಿಗೂ ಅಂಜಿ ಬಿಡಲಿಲ್ಲ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮಸ್ಕರಿಸಿದವನಿಗೆ ಹಿರಿಯರು ಪ್ರತಿಯಾಗಿ ಹರಸುವಾಗ ಅವನ ಹೆಸರಿನ ಕಡೆಯ ಸ್ವರವನ್ನು ಮೂರು ಮಾತ್ರೆಗಳಷ್ಟು ಎಳೆದು ಪ್ಲುತವಾಗಿ ನುಡಿಯಬೇಕೆಂದು ಪಾಣಿನಿಯ ಸೂತ್ರವುಂಟು. ಆ ಗೌರವವು ಶೂದ್ರನಿಗಿಲ್ಲವೆಂದು ಸೂತ್ರವೇ ಹೇಳಿದರೆ, ಹೆಂಗಸಿಗೂ ಇಲ್ಲವೆಂದು ಕಾತ್ಯಾಯನನ ವಾರ್ತಿಕವು ಸೇರಿಸಿತು. ಹೆಣ್ಣಿನ ಹೆಸರಿಗೆ ಕಡೆಯ ದೀರ್ಘವನ್ನು ಹುಟ್ಟಿನಲ್ಲಿಯೇ ಕಡ್ಡಾಯಮಾಡಿದ ಪರಂಪರೆಯು, ಆಕೆ ಬೆಳೆದು ಬಂದು ಕೈಮುಗಿದಾಗ ಅದೇ ಸ್ವರವನ್ನು ಆದರದಿಂದ ಎಳೆದು ಹರಸಲು ಒಪ್ಪಲಿಲ್ಲ. ಹೆಸರಿನ ತುದಿಯಲ್ಲಿ ಮರ್ಯಾದೆಯನ್ನು ಅಳೆಯುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಂಸ್ಕೃತದ ಹೆಸರುಗಳು ಕನ್ನಡ ನಾಡಿಗೆ ಬಂದಾಗ ಅವುಗಳ ಅಂತ್ಯವು ಮೊದಲು ಎದುರಿಸಿದುದು ಕನ್ನಡದ ನಾಲಗೆಯನ್ನು. ನಮ್ಮ ನುಡಿಯು ಪದಾಂತ್ಯದ ದೀರ್ಘವನ್ನು ಸಹಿಸುವುದಿಲ್ಲ. ಮಾಲಾ ಎಂಬುದು ಮಾಲೆಯಾಯಿತು, ನದೀ ಎಂಬುದು ನದಿಯಾಯಿತು. ಹಾಗೆಯೇ ಸೀತಾ ಸೀತೆಯಾದಳು, ಸುಭದ್ರಾ ಸುಭದ್ರೆಯಾದಳು, ದ್ರೌಪದೀ ದ್ರೌಪದಿಯಾದಳು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವ ವೇಳೆಗೆ ಈ ಮಾರ್ಪಾಡು ಕವಿಗಳ ಪ್ರಯೋಗದಲ್ಲಿ ನೆಲೆಗೊಂಡು ವ್ಯಾಕರಣದ ನಿಯಮವೇ ಆಗಿತ್ತು. ಮನುವೂ ಪಾರಸ್ಕರನೂ ಬಯಸಿದ ದೀರ್ಘಾಂತ್ಯವು ಹೀಗೆ ಕನ್ನಡಿಗರ ಬಾಯಲ್ಲಿ, ಯಾರ ವಿರೋಧವೂ ಇಲ್ಲದೆ, ಹ್ರಸ್ವವಾಗಿ ಹೋಯಿತು. ಹೊಸ್ತಿಲಲ್ಲಿ ನಿಂತು ದೂರದಲ್ಲಿ ಆಡುವ ಮಗಳನ್ನು ಕೂಗುವಾಗ ಮಾತ್ರ ಆ ದೀರ್ಘವು ತಾನಾಗಿಯೇ ಮರಳಿ ಬರುತ್ತಿತ್ತು. ಆದರೆ ಅದು ಶಾಸ್ತ್ರದ ದೀರ್ಘವಲ್ಲ, ಕರೆಯ ದೀರ್ಘ.

ಕನ್ನಡಿಗರಿಗೆ ತಮ್ಮ ಹೆಣ್ಣುಮಕ್ಕಳ ಹೆಸರನ್ನು ಮುಗಿಸಲು ಬೇರೊಂದು ದಾರಿಯಿತ್ತು. ಅವರು ಒಂದು ಸ್ವರವನ್ನಲ್ಲ, ಒಂದು ಸಂಬಂಧವನ್ನೇ ಹೆಸರಿನ ಕೊನೆಗಿಟ್ಟರು. ಹಳಗನ್ನಡ ಕಾಲದ ಶಾಸನಗಳನ್ನು ಓದುತ್ತ ಹೋದರೆ ಮೊದಲು ಕಣ್ಣಿಗೆ ಬೀಳುವುದು ‘ಅಬ್ಬೆ’. 10ನೆಯ ಶತಮಾನದ ಆದಿಭಾಗದಲ್ಲಿ ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತನ್ನು ಆಳಿ, ಕಡೆಗೆ ಬಂದಳಿಕೆಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ತ್ಯಜಿಸಿದವಳು ಜಕ್ಕಿಯಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯ ತಂಗಿ ಗುಂಡಮಬ್ಬೆ. ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನಲ್ಲಿ 1057ರ ಶಾಸನವು ಯಾರ ಸಹಗಮನವನ್ನು ಕರುಣಾರ್ದ್ರವಾಗಿ ವರ್ಣಿಸುತ್ತದೆಯೋ ಆ ಹೆಣ್ಣುಮಗಳು ದೇಕಬ್ಬೆ. ಅಬ್ಬೆಯೆಂದರೆ ತಾಯಿ. ಅರಸಿಯಾಗಲಿ, ನಾಳ್ಗಾವುಂಡನ ಮಡದಿಯಾಗಲಿ, ಆಕೆಯ ಹೆಸರಿನ ಅರ್ಧವು ‘ತಾಯಿ’ ಎಂಬುದೇ ಆಗಿತ್ತು.

ಈ ಅಂತ್ಯವು ವಯಸ್ಸಾದವರಿಗೆ ಮಾತ್ರ ಸಲ್ಲುವ ಬಿರುದಾಗಿತ್ತೇ, ಅಥವಾ ಕೂಸಿಗೂ ಇಡುತ್ತಿದ್ದರೇ ಎಂಬ ಸಂದೇಹಕ್ಕೆ ರನ್ನನ ಮನೆಯೇ ಉತ್ತರ ಕೊಡುತ್ತದೆ. ತನ್ನ ಏಳಿಗೆಗೆ ಕಾರಣನಾದ ಚಾವುಂಡರಾಯನ ನೆನಪಿಗಾಗಿ ಮಗನಿಗೆ ರಾಯನೆಂದೂ, ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯ ನೆನಪಿಗಾಗಿ ಮಗಳಿಗೆ ಅತ್ತಿಮಬ್ಬೆಯೆಂದೂ ಆ ಕವಿಚಕ್ರವರ್ತಿಯು ಹೆಸರಿಟ್ಟನು. ಮಗನ ಪಾಲಿಗೆ ಹಿರಿಯನ ಹೆಸರಿನ ಒಂದು ತುಣುಕು ಸಾಕಾಯಿತು. ಮಗಳಿಗೆ ಮಾತ್ರ ಹೆಸರು ಪೂರ್ಣವಾಗಿ, ಅಂತ್ಯದ ಅಬ್ಬೆಯೊಡನೆ ಬಂದಿತು. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿ ಬೆಳೆದವನೊಬ್ಬನು ತನ್ನ ಹೆಣ್ಣುಮಗುವನ್ನು ನಾಡಿನ ಅತ್ಯಂತ ಪೂಜ್ಯ ಸ್ತ್ರೀಯ ಹೆಸರಿನಿಂದ, ತಾಯಿಯೆಂಬ ಪದವನ್ನು ಸೇರಿಸಿಯೇ ಕರೆದನೆಂಬುದನ್ನು ನೆನೆದಾಗ, ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಕಾವ್ಯಗಳ ಹೊರಗೆ ದೊರೆಯುವ ಹೃದ್ಯವಾದ ಸಂಗತಿಗಳಲ್ಲಿ ಇದೂ ಒಂದೆನಿಸುತ್ತದೆ. ಅದೇ ರನ್ನನ ತಾಯಿ ಅಬ್ಬಲಬ್ಬೆ. ಮಡದಿಯರಿಬ್ಬರು ಜಕ್ಕಿ ಮತ್ತು ಶಾಂತಿ. ಒಂದೇ ಮನೆಯಲ್ಲಿ ತಾಯಿಗೂ ಮಗಳಿಗೂ ಅಬ್ಬೆಯ ಅಂತ್ಯ, ಮಡದಿಯರಿಗೆ ಬರಿಯ ಇಕಾರ! ಸಲಿಗೆಯ ಈ ಇಕಾರವನ್ನು ನೆನಪಿನಲ್ಲಿಡಬೇಕು. ಕೆಲವು ಶತಮಾನಗಳ ಅನಂತರ ಅದು ಸಲಿಗೆಯಾಗಿ ಉಳಿಯಲಿಲ್ಲ.

ಹೊಯ್ಸಳರ ಕಾಲಕ್ಕೆ ಅಬ್ಬೆಯ ಪಕ್ಕದಲ್ಲಿ ‘ದೇವಿ’ ನಿಲ್ಲತೊಡಗುತ್ತಾಳೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಾಯಿ ಮಾಚಿಕಬ್ಬೆ. 1131ರಲ್ಲಿ ಶಿವಗಂಗೆಯಲ್ಲಿ ಮಗಳು ತೀರಿಕೊಂಡ ಮೇಲೆ ತಾಯಿಯು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಗೊಂಡಳೆಂದು ಶಾಸನವು ತಿಳಿಸುತ್ತದೆ. ತಾಯಿಯ ಹೆಸರು ಹಳೆಯ ಕನ್ನಡದ ಅಬ್ಬೆಯಲ್ಲಿ ಮುಗಿದರೆ ಮಗಳ ಹೆಸರು ಅರಮನೆಯ ಸಂಸ್ಕೃತದಲ್ಲಿ ಮುಗಿಯುತ್ತದೆ. ಒಂದೇ ತಲೆಮಾರಿನಲ್ಲಿ ನಡೆದ ಈ ಬದಲಾವಣೆಯನ್ನು ಒಂದೇ ಬೆಟ್ಟದ ಕಲ್ಲುಗಳಲ್ಲಿ ಇಂದಿಗೂ ಓದಬಹುದು. ಆದರೂ ಆ ಕಾಲದವರಿಗೆ ಈ ಅಂತ್ಯಗಳು ಒಂದರ ಬದಲು ಇನ್ನೊಂದನ್ನು ತೊಡಬಹುದಾದ ಉಡುಗೆಗಳಂತಿದ್ದುವು. ಬ್ರಾಹ್ಮಣ ಮಂತ್ರಿ ಚಂದ್ರಮೌಳಿಯ ಜೈನ ಪತ್ನಿಯು ಆಚಲದೇವಿಯೂ ಹೌದು, ಆಚಿಯಕ್ಕನೂ ಹೌದು. ಆಕೆ 1181ರಲ್ಲಿ ಬೆಳಗೊಳದಲ್ಲಿ ಪಾರ್ಶ್ವನಾಥನಿಗೆ ಕಟ್ಟಿಸಿದ ಬಸದಿಯನ್ನು ಜನರು ಇಂದು ಕರೆಯುವುದು ‘ಅಕ್ಕನ ಬಸದಿ’ ಎಂದು. ದೇವಿಯೆಂಬುದು ಉಳಿಯಲಿಲ್ಲ, ಆಚಲೆಯೆಂಬುದೂ ಉಳಿಯಲಿಲ್ಲ. ಹೆಸರಿನ ಬುಡವೆಲ್ಲ ಸವೆದುಹೋಗಿ ಅದರ ಅಂತ್ಯವಾದ ಅಕ್ಕ ಎಂಬುದೊಂದೇ ಎಂಟು ನೂರು ವರ್ಷಗಳಿಂದ ಊರಿನ ಬಾಯಲ್ಲಿ ನಿಂತಿದೆ.

12ನೆಯ ಶತಮಾನದ ಶರಣೆಯರ ಹೆಸರುಗಳಲ್ಲಂತೂ ಈ ಸಂಬಂಧವಾಚಕಗಳ ಸಂಪತ್ತೇ ಇದೆ. ಅವ್ವೆ, ಅವ್ವ, ಅಕ್ಕ, ಅಮ್ಮ, ಅಂಬಿಕೆ ಎಲ್ಲವೂ ಅಲ್ಲಿ ಒಟ್ಟಿಗೆ ಕುಳಿತಿವೆ: ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ, ಸತ್ಯಕ್ಕ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ, ಅಮುಗೆ ರಾಯಮ್ಮ, ಗಂಗಾಂಬಿಕೆ. ರಾಟೆಯ ಮುಂದೆ ಕುಳಿತು ನೂಲುವವಳಿಗೂ, ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬಾಳುವವನ ಮಡದಿಗೂ, ವೇಶ್ಯಾವೃತ್ತಿಯನ್ನು ಬಿಟ್ಟು ಬಂದವಳಿಗೂ ಅವ್ವೆ, ಅಮ್ಮ ಎಂಬ ಅಂತ್ಯಗಳು ಸಂದುವು. ಕಾಯಕದ ಹೆಸರು ಮುಂದೆ, ಗೌರವದ ಸಂಬಂಧ ಹಿಂದೆ, ನಡುವೆ ಹೆಣ್ಣುಮಗಳ ಸ್ವಂತ ಹೆಸರು. ಇಂತಹ ಸಮಾನತೆಯು ಅದಕ್ಕೆ ಹಿಂದೆ ಕನ್ನಡ ಹೆಸರುಗಳಲ್ಲಿ ಇರಲಿಲ್ಲ, ಮುಂದೆಯೂ ಬಹುಕಾಲ ಬರಲಿಲ್ಲ.

ಅಲ್ಲಿಂದ ಮುಂದೆ ಸೀಮೆಸೀಮೆಗೆ ಒಂದೊಂದು ಅಂತ್ಯವು ಬಳಕೆಯಲ್ಲಿ ಮುಂದಾಯಿತು. ಉತ್ತರದ ಬಯಲುಸೀಮೆಯಲ್ಲಿ ಅವ್ವ, ಹಳೆಯ ಮೈಸೂರಿನಲ್ಲಿ ಅಮ್ಮ, ಕರಾವಳಿಯಲ್ಲಿ ಅಕ್ಕ, ಮರಾಠಿಯ ಸಂಪರ್ಕವಿದ್ದೆಡೆ ಬಾಯಿ ಎಂದು ಸ್ಥೂಲವಾಗಿ ಹೇಳಬಹುದಾದರೂ ಇವುಗಳ ನಡುವೆ ಗಡಿಯನ್ನು ಎಳೆಯಲಾಗದು. ಕಿತ್ತೂರಿನಲ್ಲಿ 1824ರಲ್ಲಿ ಕಂಪೆನಿಯ ಸೈನ್ಯವನ್ನು ಎದುರಿಸಿದವಳು ಚೆನ್ನಮ್ಮ, ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆಯನ್ನೆತ್ತಿದವಳು ಓಬವ್ವ, ಉಳ್ಳಾಲದ ರಾಣಿ ಅಬ್ಬಕ್ಕ. ಮೈಸೂರಿನ ಅರಮನೆಯಾದರೋ ಅಮ್ಮನಿಗೂ ಒಂದು ಪ್ರತ್ಯೇಕತೆಯನ್ನು ಬಯಸಿ ‘ಅಮ್ಮಣ್ಣಿ’ಯೆಂಬ ಅಂತ್ಯವನ್ನು ಇಟ್ಟುಕೊಂಡಿತು. 1799ರ ಒಪ್ಪಂದದ ಕಾಲದ ಲಕ್ಷ್ಮಮ್ಮಣ್ಣಿಯೂ, 1895ರಿಂದ 1902ರವರೆಗೆ ರಾಜ್ಯಭಾರವನ್ನು ನಡೆಸಿದ ಕೆಂಪನಂಜಮ್ಮಣ್ಣಿಯೂ ಆ ಅಂತ್ಯದ ದೊಡ್ಡ ಹೆಸರುಗಳು.

ಹಳ್ಳಿಯ ಮನೆಗಳಲ್ಲಿ ಈ ಪದ್ಧತಿಯು ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದನ್ನು ತಿಳಿಯಲು ತಿಪ್ಪಮ್ಮ, ಗುಂಡಮ್ಮ, ಕಲ್ಲವ್ವ, ಸಾಕಮ್ಮರ ಹೆಸರುಗಳನ್ನು ನೋಡಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮೃತ್ಯುವಿನ ಕಣ್ಣು ತಪ್ಪಿಸಲೆಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪೆಯ ಹೆಸರನ್ನೋ ಕಲ್ಲಿನ ಹೆಸರನ್ನೋ ಇಡುತ್ತಿದ್ದರು. ಹೆಣ್ಣುಮಕ್ಕಳು ಸಾಲುಗಟ್ಟಿ ಹುಟ್ಟಿದರೆ ಇನ್ನು ಸಾಕೆಂಬ ಅರ್ಥದಲ್ಲಿ ಕಡೆಯವಳಿಗೆ ಸಾಕಮ್ಮನೆಂದು ಹೆಸರಿಡುವುದೂ ಇತ್ತು. ಹೆಸರಿನ ಮೊದಲ ಭಾಗದಲ್ಲಿ ಭಯವಿದೆ, ಬೇಸರವಿದೆ, ಕೆಲವೊಮ್ಮೆ ಕ್ರೂರವೆನ್ನಬಹುದಾದ ತಿರಸ್ಕಾರವೂ ಇದೆ. ಆದರೂ ಆ ತಂದೆತಾಯಿಗಳು ಹೆಸರನ್ನು ಮುಗಿಸುವಾಗ ಅಮ್ಮನನ್ನಾಗಲಿ ಅವ್ವನನ್ನಾಗಲಿ ಬಿಡಲಿಲ್ಲ. ಬೇಡವೆನಿಸಿದ ಮಗುವೂ ತೊಟ್ಟಿಲಿನಲ್ಲಿಯೇ ತಾಯಿಯೆನಿಸಿಕೊಂಡಿತು.

ಈ ಅಂತ್ಯವು ಎಲ್ಲರಿಗೂ ದೊರೆಯಿತೆಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅದೇ ಊರಿನ ಹೊರಗಣ ಕೇರಿಯಲ್ಲಿ ಹುಟ್ಟಿದ ಹುಡುಗಿಯು ಕೆಂಪಮ್ಮನಾಗದೆ ಕೆಂಪಿಯಾದಳು, ನಿಂಗವ್ವನಾಗದೆ ನಿಂಗಿಯಾದಳು, ಚೆನ್ನಿ, ಹೊನ್ನಿ, ತಿಮ್ಮಿ, ದ್ಯಾವಿಯರಾದರು. ರನ್ನನ ಮನೆಯಲ್ಲಿ ಸಲಿಗೆಯಾಗಿದ್ದ ಇಕಾರವು ಒಡೆಯರ ಬಾಯಲ್ಲಿ ಕೀಳಿನ ಗುರುತಾಯಿತು. ಮನೆಯವರು ಅಕ್ಕರೆಯಿಂದ ಅವ್ವನೆಂದೇ ಕರೆದರೂ ಜಮೀನಿನ ಲೆಕ್ಕದಲ್ಲಿ, ಕೂಲಿಯ ಪಟ್ಟಿಯಲ್ಲಿ, ಜಗಲಿಯ ಮೇಲಿನ ಕೂಗಿನಲ್ಲಿ ಅಮ್ಮನೆಂಬುದು ಕಳಚಿಬೀಳುತ್ತಿತ್ತು. ನಮ್ಮ ಮಹಾಕಾದಂಬರಿಕಾರರು ಇದನ್ನು ಬಹು ಎಚ್ಚರದಿಂದ ಕಂಡಿದ್ದಾರೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮುಕುಂದಯ್ಯನು ಪ್ರೀತಿಸಿದವಳು ಚಿನ್ನಮ್ಮ, ಗುತ್ತಿಯು ಪ್ರೀತಿಸಿದವಳು ತಿಮ್ಮಿ. ಮಲೆನಾಡಿನ ಒಂದೇ ಕಾಡಿನಲ್ಲಿ, ಒಂದೇ ಮಳೆಯಲ್ಲಿ ನಡೆಯುವ ಎರಡು ಪ್ರೇಮಗಳ ನಡುವಣ ಅಂತರವು ಆ ಹೆಣ್ಣುಗಳ ಹೆಸರಿನ ತುದಿಯಲ್ಲಿದೆ. ಅದಕ್ಕೂ ಹಿಂದೆ, 1933ರಲ್ಲಿ, ಶಿವರಾಮ ಕಾರಂತರು ತಮ್ಮ ಕಾದಂಬರಿಯ ನಾಯಕ ಚೋಮನ ಮಗಳಿಗೆ ಬೆಳ್ಳಿಯೆಂದು ಹೆಸರಿಟ್ಟರು. ಆಕೆಯನ್ನು ಬೆಳ್ಯಮ್ಮನೆಂದು ಕರೆಯುವವರು ಆ ಊರಿನಲ್ಲಿ ಯಾರೂ ಇರುವಂತಿರಲಿಲ್ಲ. ಪಾಣಿನಿಯ ಕಾಲದಲ್ಲಿ ಸ್ವರದ ದೀರ್ಘದಲ್ಲಿ ಅಳೆದ ಮರ್ಯಾದೆಯನ್ನು ಕನ್ನಡದ ಹಳ್ಳಿಗಳು ಅಮ್ಮನೆಂಬ ಪದದಲ್ಲಿ ಅಳೆದುವು.

20ನೆಯ ಶತಮಾನದ ಪೂರ್ವಾರ್ಧದಲ್ಲಿ ಹೆಂಗಸರು ಶಾಲೆಗೆ ಹೋಗಿ, ಪತ್ರಿಕೆಗಳಿಗೆ ಬರೆದು, ರಂಗದ ಮೇಲೆಯೂ ತೆರೆಯ ಮೇಲೆಯೂ ಕಾಣಿಸಿಕೊಳ್ಳತೊಡಗಿದಾಗ ಹೆಸರಿನ ಅಂತ್ಯವು ಮತ್ತೊಮ್ಮೆ ಅಲುಗಿತು. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಅವರ ಹೆಸರಿನಲ್ಲಿ ಅಮ್ಮನು ಇನ್ನೂ ಇದ್ದಾಳೆ, ಸಂಸ್ಕೃತದ ಮಡಿಯನ್ನುಟ್ಟು ಅಂಬೆಯಾಗಿದ್ದಾಳೆ. 1912ರಲ್ಲಿ ಹುಟ್ಟಿ ಇಪ್ಪತ್ತೇಳರ ಹರೆಯದಲ್ಲಿಯೇ ತೀರಿಕೊಂಡ ಕೊಡಗಿನ ಗೌರಮ್ಮನು ಅಮ್ಮನಾಗಿಯೇ ಕಥೆಗಳನ್ನು ಬರೆದಳು. ಆದರೆ ಸುಬ್ಬಮ್ಮನವರು ಕಾದಂಬರಿಗಾರ್ತಿಯಾಗಿ ‘ವಾಣಿ’ಯಾದರು, ವೆಂಕಟಲಕ್ಷ್ಮಿಯವರು ‘ಅನುಪಮಾ’ ಆದರು. ಚಿತ್ರರಂಗದಲ್ಲಿ ಕಮಲಕುಮಾರಿ ಜಯಂತಿಯಾಗಿ, ಶರತ್‌ಲತಾ ಕಲ್ಪನಾ ಆಗಿ ಜನಪ್ರಿಯರಾದರು. ಹೊಸ ವ್ಯಕ್ತಿತ್ವವನ್ನು ಬಯಸಿದ ಹೆಣ್ಣುಮಕ್ಕಳಿಗೆ ಅಜ್ಜಿಯ ಅಂತ್ಯವು ಭಾರವೆನಿಸಿರಬೇಕು. ಅಮ್ಮನೆಂಬುದು ಗೌರವವೇ ಆದರೂ, ಹುಟ್ಟಿದ ದಿನದಿಂದಲೇ ತಾಯಿಯೆಂದು ಕರೆಯಿಸಿಕೊಳ್ಳುವವಳಿಗೆ ತಾಯ್ತನವನ್ನು ಬಿಟ್ಟು ಬೇರೊಂದು ಬಾಳನ್ನು ಊಹಿಸಿಕೊಳ್ಳಲು ಅವಕಾಶ ಸಂಕುಚಿತವಾಗುತ್ತದೆಂಬ ಅವರ ತಳಮಳವನ್ನು ನಾನು ತಳ್ಳಿಹಾಕಲಾರೆ.

ಮೊದಲು ಬಂದುದು ಜೋಡುಹೆಸರುಗಳ ಕಾಲ: ಕುಮಾರಿ, ಲತಾ, ಮಾಲಾ, ಪ್ರಭಾ, ಶ್ರೀ ಮುಂತಾದುವು ಅಮ್ಮನ ಸ್ಥಾನದಲ್ಲಿ ನಿಂತುವು, ಹೇಮಲತಾ, ವಿಜಯಕುಮಾರಿ, ಜಯಶ್ರೀಯರು ಶಾಲೆಯ ಹಾಜರಿ ಪುಸ್ತಕಗಳನ್ನು ತುಂಬಿದರು. ಆಮೇಲೆ ಆ ಎರಡನೆಯ ಪದವೂ ಬಿದ್ದುಹೋಗಿ ಸುಧಾ, ಪ್ರತಿಭಾ, ವೀಣಾ, ಗೀತಾ ಎಂಬ ಬಿಡಿ ಹೆಸರುಗಳು ಉಳಿದುವು. ಕನ್ನಡದ ನಾಲಗೆಯು ಸಾವಿರ ವರ್ಷಗಳ ಕಾಲ ತಡೆಹಿಡಿದ ದೀರ್ಘಾಂತ್ಯವು ಹೀಗೆ ಮರಳಿ ಬಂದಿತು. ಪಾರಸ್ಕರನ ಆಕಾರವನ್ನು ಅವನ ಹೆಸರನ್ನೇ ಕೇಳದ ತಂದೆತಾಯಿಗಳು ಪಾಲಿಸತೊಡಗಿದರು. ಬರವಣಿಗೆಯಲ್ಲಿ ಮಾತ್ರ ನಮ್ಮ ಹಳೆಯ ಸ್ವಭಾವವು ಇನ್ನೂ ಹೋರಾಡುತ್ತಿದೆ: ಒಬ್ಬರು ಸುಧಾ ಎಂದು ಬರೆದರೆ ಇನ್ನೊಬ್ಬರು ಸುಧ ಎನ್ನುತ್ತಾರೆ; ಷಷ್ಠಿಯಲ್ಲಿ ಸುಧಾಳ ಎನ್ನಬೇಕೋ ಸುಧೆಯ ಎನ್ನಬೇಕೋ ಎಂದು ಬರೆಯುವವರು ತಡವರಿಸುತ್ತಾರೆ. ಇಂದು ಅನನ್ಯಾ, ಸಾನ್ವಿ, ತನ್ವಿ, ಆದ್ಯಾ ಎಂಬ ಹೆಸರುಗಳ ಕಾಲದಲ್ಲಿ ಮೊದಲಕ್ಷರವನ್ನು ನಕ್ಷತ್ರದಿಂದಲೂ ಅಂತ್ಯವನ್ನು ಕಿವಿಯ ಇಂಪಿನಿಂದಲೂ ನಿರ್ಧರಿಸುವುದು ಸಾಮಾನ್ಯವಾಗಿದೆ; ಆಕಾರ ಬೇಕೋ ಈಕಾರ ಬೇಕೋ ಎಂದು ಆಲೋಚಿಸುವ ಯುವ ತಂದೆತಾಯಿಗಳು ಪಾರಸ್ಕರನೂ ಮನುವೂ ನಡೆಸಿದ ವಿಚಾರವನ್ನೇ ಮುಂದುವರಿಸುತ್ತಿದ್ದಾರೆ.

ಅಬ್ಬೆಯೂ ಅವ್ವೆಯೂ ಹೋದುದಕ್ಕೆ ನಾನು ಮರುಗುತ್ತೇನೆ. ಸಾವಿರ ವರ್ಷ ಬಾಳಿದ ಅಂತ್ಯವನ್ನು ಹಳ್ಳಿಗಾಡಿನದೆಂದು ನಾಚಿ ಬಿಡುವುದು ನಮ್ಮ ನುಡಿಗೆ ನಾವೇ ತೋರುವ ಅನಾದರ. ಅಜ್ಜಿಯ ಹೆಸರು ನಿಂಗವ್ವನೆಂದು ಹೇಳಲು ಮೊಮ್ಮಗಳು ತಡೆದು ನಿಲ್ಲುವುದನ್ನು ನೋಡಿದಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಆ ಮರುಕವು ಪೂರ್ಣವಾಗಿ ನ್ಯಾಯವಾದುದಲ್ಲವೆಂದೂ ನನಗೆ ತೋರುತ್ತದೆ. ಕೆಂಪಿಯ ಮೊಮ್ಮಗಳೂ ಕೆಂಪಮ್ಮನ ಮೊಮ್ಮಗಳೂ ಇಂದು ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಸುಜಾತಾ ಮತ್ತು ಸುಚಿತ್ರಾ ಆಗಿ ಕುಳಿತಿರುವಾಗ, ಉಪಾಧ್ಯಾಯರು ಹಾಜರಿ ಕರೆಯುವ ಧ್ವನಿಯಲ್ಲಿ ಯಾರ ಅಜ್ಜಿಗೆ ಅಮ್ಮನೆಂಬುದು ಸಂದಿತ್ತು, ಯಾರಿಗೆ ಸಂದಿರಲಿಲ್ಲ ಎಂಬುದು ತಿಳಿಯುವುದಿಲ್ಲ. ಅಮ್ಮನನ್ನು ಎಲ್ಲರಿಗೂ ಕೊಟ್ಟು ಸಾಧಿಸಬಹುದಾಗಿದ್ದ ಸಮಾನತೆಯನ್ನು ನಾವು ಅಮ್ಮನನ್ನು ಎಲ್ಲರಿಂದಲೂ ತೆಗೆದು ಸಾಧಿಸಿದೆವು. ಶರಣರು ಹಿಡಿದ ದಾರಿ ಮೊದಲನೆಯದು. ನಮಗೆ ಸಾಧ್ಯವಾದುದು ಎರಡನೆಯದು.

ಹೆಸರಿನಿಂದ ಹೊರಬಿದ್ದ ಆ ಪದಗಳು ಭಾಷೆಯಿಂದ ಹೊರಬಿದ್ದಿಲ್ಲ. ಬೆಳೆದ ಹೆಣ್ಣುಮಗಳಿಗೆ ಸಲ್ಲಿಸಬೇಕಾದ ಮರ್ಯಾದೆಯನ್ನು ಈಗ ಹೆಸರಿನ ಹೊರಗೆ ‘ಅವರು’ ಎಂಬ ಪದವು ಹೊರುತ್ತಿದೆ: ಸುಧಾ ಅವರು, ವಾಣಿ ಅವರು. ಚಿಕ್ಕ ಹುಡುಗಿಯ ಹೆಸರಿನ ಕೊನೆಯಿಂದ ತೆಗೆದ ಅಮ್ಮನನ್ನು ಮೈಸೂರಿನ ಕಡೆಯವರು ಕ್ರಿಯಾಪದಕ್ಕೆ ಸೇರಿಸಿಕೊಂಡು, ಅನನ್ಯಾ, ಬಾರಮ್ಮ, ಊಟ ಮಾಡಮ್ಮ, ಏನಾಯಿತು ಹೇಳಮ್ಮ ಎನ್ನುತ್ತಾರೆ. ಧಾರವಾಡದ ಕಡೆಯವರು ಬಾರವ್ವಾ ಎನ್ನುತ್ತಾರೆ, ಅಂತ್ಯದ ಆ ಸ್ವರವನ್ನು ತಕ್ಕಮಟ್ಟಿಗೆ ಎಳೆದೇ ಎನ್ನುತ್ತಾರೆ.